ಹದಿನಾರು ಲಿಫ್ಟಿನ ಹಡಗು

ಲಿಫ್ಟ್ ಮೇಸ್ತ್ರಿಗೆ ಜೊತೆ ಕೆಲಸಗಾರರು ಇಟ್ಟಿದ್ದ ಹೆಸರು ‘ಇನ್ನೊಂದಿರ್ಲಿ’. ಮೂವತ್ತನಾಲ್ಕು ವರ್ಷ ಲಿಫ್ಟುಗಳ ನೆತ್ತಿಯ ಮೇಲೆ, ಕಾಲಡಿಯ ಗುಂಡಿಯಲ್ಲಿ, ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಬದುಕಿದವರು. ನಾಲ್ಕು ಹಗ್ಗ ಸಾಕು ಎಂದು ಪುಸ್ತಕ ಹೇಳಿದರೆ ಇವರು ‘ಇನ್ನೊಂದಿರ್ಲಿ’ ಎನ್ನುವರು. ಜೇಬಿನಲ್ಲಿ ಎರಡು ಪೆನ್ನು, ಚೀಲದಲ್ಲಿ ಎರಡು ಟಾರ್ಚು, ಆ ಟಾರ್ಚುಗಳಿಗೆ ಬೇರೆ ಶೆಲ್ಲು. ಮೋಡ ಕವಿದ ದಿನ ಎರಡು ಕೊಡೆ ಹಿಡಿದು ಹೊರಡುವ ಗಂಡಸನ್ನು ನೋಡಿ ಬೀದಿಯವರು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ನಕ್ಕವರ ಗಂಟೇನು ಹೋಗುತ್ತದೆ. ಮೇಸ್ತ್ರಿಯಾದ ಮೇಲೆ ಅವರ ಕೈಯಲ್ಲಿದ್ದ ಒಂದು ಲಿಫ್ಟೂ ಯಾರ ಕೂದಲೂ ಕೊಂಕಿಸಲಿಲ್ಲ. “ಹೆಂಡ್ತಿ ವಿಷಯದಲ್ಲಿ ಮಾತ್ರ ಇನ್ನೊಂದಿರ್ಲಿ ಅನ್ನಲಿಲ್ಲ, ನನ್ನ ಪುಣ್ಯ,” ಎಂದು ಅವರ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಈ ಎಚ್ಚರ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹನ್ನೊಂದು ಮಹಡಿಯ ಒಂದು ಕಟ್ಟಡದಲ್ಲಿ ಕರೆಂಟು ಹೋಗಿ ಲಿಫ್ಟು ನಡುವೆ ನಿಂತಿತು. ಇದ್ದದ್ದು ಅದೊಂದೇ ಲಿಫ್ಟು. ಒಳಗೆ ಉಬ್ಬಸದ ಒಬ್ಬ ಹೆಂಗಸು. ಬಾಗಿಲು ಮೀಟಿ ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು, ಆಕೆ ಮೂಲೆಗೆ ಒರಗಿ ಕೂತಲ್ಲೇ ಹೋಗಿಬಿಟ್ಟಿದ್ದಳು. ಬಾಗಿಲು ತೆಗೆದವರು ಇವರೇ. ಅಂದಿನಿಂದ ‘ಒಂದೇ’ ಎಂಬ ಮಾತು ಕೇಳಿದರೆ ಅವರಿಗೆ ಆಗದು.

ಅಂಥವರ ಹೆಂಡತಿಗೆ ಲಕ್ವ ಹೊಡೆಯಿತು. ಒಂದು ಬೆಳಗ್ಗೆ ಹಾಲಿನ ಪಾತ್ರೆ ಕೈಜಾರಿ ಬಿತ್ತು, ಎತ್ತಲು ಬಗ್ಗಿದವಳು ತಾನೂ ಬಿದ್ದಳು. ಎಡಗೈ ಎಡಗಾಲು ಸ್ವಾಧೀನ ತಪ್ಪಿದವು, ಮಾತು ಮಾತ್ರ, ನಿಧಾನವಾದರೂ, ಉಳಿಯಿತು. ಮಕ್ಕಳಿಲ್ಲದ ಮನೆ. ಮೇಸ್ತ್ರಿ ಕೆಲಸ ಬಿಟ್ಟರು. ಒಂದೇ ವಾರದಲ್ಲಿ ಮನೆಯ ಹೊಸ್ತಿಲುಗಳನ್ನೆಲ್ಲ ಕಿತ್ತು ನೆಲ ಸಮ ಮಾಡಿದರು. ಗಾಲಿಕುರ್ಚಿ ಎರಡು ತಂದರು. ತಲೆ ಬಾಚುವುದನ್ನು ಕಲಿತರು. ಮೊದಮೊದಲು ಅವರು ಹಾಕಿದ ಜಡೆ ಲಿಫ್ಟಿನ ಹಗ್ಗದ ಹಾಗೆ ಬಿಗಿಯಾಗಿ ಆಕೆಯ ಹುಬ್ಬು ಮೇಲೆ ಹೋಗಿಬಿಡುತ್ತಿತ್ತು.

ಎರಡನೆಯ ಸಲ ಸಣ್ಣದಾಗಿ ಹೊಡೆದಾಗ ಡಾಕ್ಟರು ಮೇಸ್ತ್ರಿಯನ್ನು ಹೊರಗೆ ಕರೆದು, ಮೂರನೆಯದು ಬಂದರೆ ಕಷ್ಟ, ವಿಮಾನ ಹತ್ತಿಸಬೇಡಿ, ದಣಿಸಬೇಡಿ ಎಂದರು. ಗೋಡೆಗೇ ಕಿವಿ ಇರುತ್ತದಂತೆ, ಆಕೆಗೆ ಇರದೇ ಹೋಗುತ್ತದೆಯೇ. ಮನೆಗೆ ಬಂದ ಮೇಲೆ ಹೇಳಿದಳು:

“ನಂಗೆ ಅಕ್ಕನ್ನ ಒಂದ್ಸಲ ನೋಡ್ಬೇಕು. ಆಮೇಲೆ ಏನಾದ್ರೂ ಆಗ್ಲಿ.”

ಅಕ್ಕ ಎಂದರೆ ಆಕೆಗೆ ತಾಯಿಯೇ. ಹೆತ್ತವಳು ಬೇಗ ಹೋಗಿ, ಹತ್ತು ವರ್ಷ ದೊಡ್ಡವಳಾದ ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು. ಆಮೇಲೆ ಮದುವೆಯಾಗಿ ಸಮುದ್ರದ ನಡುವಿನ ಒಂದು ದ್ವೀಪದ ಊರು ಸೇರಿಕೊಂಡಳು. ಇಪ್ಪತ್ತೊಂದು ವರ್ಷದಿಂದ ಇಬ್ಬರೂ ಮುಖ ನೋಡಿರಲಿಲ್ಲ. ಈಗ ಅಕ್ಕನ ಗಂಡನಿಗೆ ಮರೆವಿನ ರೋಗ. ಕಣ್ಣು ತಪ್ಪಿದರೆ ಒಲೆ ಹಚ್ಚಿಟ್ಟು ಬೀದಿಗೆ ಹೊರಟುಬಿಡುತ್ತಾನೆ. ಅವನನ್ನು ಬಿಟ್ಟು ಅಕ್ಕ ಒಂದು ರಾತ್ರಿಯೂ ಹೊರಗಿರುವಂತಿಲ್ಲ. ಫೋನಿನಲ್ಲೇ ಮುಖ ತೋರಿಸುತ್ತೇನೆ ಎಂದರು ಮೇಸ್ತ್ರಿ.

“ಫೋನಲ್ಲಿ ಮುಖ ಕಾಣುತ್ತೆ ಕಣ್ರೀ, ಕೈ ಸಿಗಲ್ಲ. ನಂಗೆ ಅವಳ ಕೈ ಹಿಡ್ಕೋಬೇಕು.”

ಮೇಸ್ತ್ರಿ ಮರುದಿನವೇ ಪ್ರವಾಸದ ಆಫೀಸಿಗೆ ಹೋಗಿ ಕೂತರು.

ಆ ದ್ವೀಪಕ್ಕೆ ಎರಡು ಪ್ರವಾಸಿ ಹಡಗುಗಳು ಹೋಗುತ್ತಿದ್ದವು. ಚಿಕ್ಕದರಲ್ಲಿ ನೂರೆಂಬತ್ತು ಜನ, ಒಂದು ಲಿಫ್ಟು, ಒಬ್ಬ ನರ್ಸು. ದೊಡ್ಡದರಲ್ಲಿ ಮೂರು ಸಾವಿರ ಜನ, ಹದಿನಾರು ಲಿಫ್ಟು, ಇಬ್ಬರು ಡಾಕ್ಟರು, ಹಾಸಿಗೆ ಹಾಕಿದ ಪುಟ್ಟ ಆಸ್ಪತ್ರೆ. ಆಫೀಸಿನ ಹುಡುಗಿಗೆ ಮೇಸ್ತ್ರಿ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಲಿಫ್ಟಿನ ಬಾಗಿಲು ಎಷ್ಟು ಅಗಲ? ಎಷ್ಟು ಭಾರ ಎತ್ತುತ್ತದೆ? ಕರೆಂಟು ಹೋದರೆ ಜನರೇಟರು ಎಷ್ಟು? ಅದೂ ಹೋದರೆ? ಬಚ್ಚಲಿನ ಬಾಗಿಲಿಗೆ ಹೊಸ್ತಿಲು ಇದೆಯೋ ಇಲ್ಲವೋ? ಪಾಪ, ಆ ಹುಡುಗಿ ಹಡಗನ್ನು ಪಟದಲ್ಲಿ ನೋಡಿದ್ದೇ ಹೊರತು ಹತ್ತಿದವಳಲ್ಲ. ಆದರೂ ಫೋನು ಮಾಡಿ ಮಾಡಿ ಒಂದೊಂದಕ್ಕೂ ಉತ್ತರ ತರಿಸಿಕೊಟ್ಟಳು. ಚಿಕ್ಕ ಹಡಗಿನ ಒಂದೇ ಲಿಫ್ಟಿನ ಬಾಗಿಲು ಗಾಲಿಕುರ್ಚಿಗಿಂತ ಎರಡೇ ಬೆರಳು ಅಗಲ ಎಂದಾಗ ಮೇಸ್ತ್ರಿಯ ತೀರ್ಮಾನ ಅಲ್ಲಿಗೇ ಮುಗಿಯಿತು.

ಎರಡೂ ಹಡಗಿನ ಪುಸ್ತಿಕೆಗಳನ್ನು ಮನೆಗೆ ತಂದು ಹೆಂಡತಿಯ ಮಡಿಲಿಗೆ ಹಾಕಿದರು. ಆಕೆ ಬಲಗೈಯಲ್ಲಿ ಹಾಳೆ ಮಗುಚಿ ಮಗುಚಿ ನೋಡಿ, ಚಿಕ್ಕದರ ಮೇಲೆ ಬೆರಳಿಟ್ಟಳು.

“ಇದ್ರಲ್ಲಿ ಹೋಗೋಣ.”

“ಅದರಲ್ಲಿ ಏನಿದೆ ಅಂತ? ಡಾಕ್ಟ್ರೇ ಇಲ್ಲ.”

“ಏನೂ ಬೇಡ. ನೋಡಿ, ಬಂದರಿನ ಕಟ್ಟೆಗೆ ಒರಗಿ ನಿಂತಿದೆ. ಇಳಿದ್ರೆ ಅಕ್ಕ.” ಆಮೇಲೆ ದೊಡ್ಡದರ ಪಟ ನೋಡಿದಳು. “ಇದು ಯಾಕ್ರೀ ನೀರಿನ ಮಧ್ಯ ನಿಂತಿದೆ?”

“ಫೋಟೊ ಚೆನ್ನಾಗಿ ಬರ್ಲಿ ಅಂತ ಅಲ್ಲಿ ನಿಲ್ಸಿರ್ತಾರೆ,” ಎಂದರು ಮೇಸ್ತ್ರಿ.

ತಪ್ಪಾದದ್ದು ಇಲ್ಲೇ. ಲಿಫ್ಟಿನವನು ಲಿಫ್ಟಿನ ಒಳಗಿನದನ್ನೆಲ್ಲ ಯೋಚಿಸುತ್ತಾನೆ. ಬಾಗಿಲು ತೆರೆದ ಮೇಲೆ ಎದುರಿಗೆ ನೆಲ ಇದ್ದೇ ಇರುತ್ತದೆ, ಅದರ ಚಿಂತೆ ಅವನಿಗಿಲ್ಲ. ಹಡಗಿನೊಳಗೆ ಮೇಲೆ ಹೋಗುವುದು, ಕೆಳಗೆ ಬರುವುದು ಇಷ್ಟನ್ನೂ ಇಂಚಿಂಚು ಕೇಳಿದ ಮೇಸ್ತ್ರಿ, ಹಡಗಿನಿಂದ ಆಚೆ ಹೋಗುವುದು ಹೇಗೆ ಎಂದು ಮಾತ್ರ ಕೇಳಲೇ ಇಲ್ಲ. ಪುಸ್ತಿಕೆಯಲ್ಲಿ ಆ ದ್ವೀಪದ ಹೆಸರಿನ ಪಕ್ಕ ಒಂದು ಸಣ್ಣ ಲಂಗರಿನ ಚಿತ್ರ ಇತ್ತು. ಬಂದರು ಅಂದ ಮೇಲೆ ಲಂಗರು ಬಿಡಿಸಿರುತ್ತಾರೆ, ಅದರಲ್ಲೇನು ಎಂದುಕೊಂಡು ಪುಟ ಮಗುಚಿದರು.

“ನಿಮಗೆ ಯಾವ್ದು ಧೈರ್ಯವೋ ಅದ್ರಲ್ಲೇ ಹೋಗೋಣ ಬಿಡಿ,” ಎಂದಳು ಹೆಂಡತಿ ಕಡೆಗೆ. ಆಕೆ ಹಟ ಹಿಡಿಯಬೇಕಿತ್ತು. ಬಟ್ಟೆ ಹಾಕಿಕೊಳ್ಳಲೂ ಇನ್ನೊಬ್ಬರ ಕೈ ಬೇಕಾದವರು ಎಷ್ಟು ಅಂತ ಹಟ ಹಿಡಿದಾರು.

ಮೂರು ದಿನ ಹಡಗು ಸುಖವಾಗಿಯೇ ಸಾಗಿತು. ಲಿಫ್ಟುಗಳು ಬೆಣ್ಣೆಯಂತೆ ಏರಿ ಇಳಿದವು. ಮೇಸ್ತ್ರಿ ಹದಿನಾರನ್ನೂ ಹತ್ತಿ ನೋಡಿ, ಒಂಬತ್ತನೆಯದರ ಬಾಗಿಲು ಮಾತ್ರ ಸ್ವಲ್ಪ ಕಿರುಗುಟ್ಟುತ್ತದೆ ಎಂದು ಹೆಂಡತಿಗೆ ವರದಿ ಒಪ್ಪಿಸಿದರು. ಆಕೆ ನಕ್ಕಳು. ದಿನಾ ಅಕ್ಕನ ಜೊತೆ ಫೋನು. “ಬೆಳಗ್ಗೆನೇ ಬಂದು ಕಟ್ಟೆ ಮೇಲೆ ಕೂತಿರ್ತೀನಿ, ಪಕ್ಕದ ಮನೆಯವಳು ಮಧ್ಯಾಹ್ನದ ತನಕ ಇವರನ್ನ ನೋಡ್ಕೋತಾಳೆ,” ಎಂದಳು ಅಕ್ಕ. “ಬರ್ತೀಯ ತಾನೆ?”

“ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ,” ಎಂದಳು ತಂಗಿ.

ನಾಲ್ಕನೆಯ ಬೆಳಗ್ಗೆ ಕಿಟಕಿಯಲ್ಲಿ ಆ ಊರು ಕಾಣಿಸಿತು. ಒಂದು ಕೊನೆಗೆ ಗುಡ್ಡ, ಗುಡ್ಡದ ತುದಿಗೆ ದೀಪದ ಕಂಬ, ಅದರ ಪಕ್ಕಕ್ಕೆ ಹೆಂಚಿನ ಮನೆಗಳು, ಗೆರೆ ಎಳೆದಂತೆ ಕಟ್ಟೆ. ಹಡಗು ನಿಂತಿತು. ಇನ್ನೇನು ಮುಂದೆ ಹೋಗುತ್ತದೆ ಎಂದು ಮೇಸ್ತ್ರಿ ಕಾದರು. ಅರ್ಧ ಗಂಟೆಯಾಯಿತು, ಹೋಗಲಿಲ್ಲ. ಆಗ ಮೈಕಿನಲ್ಲಿ ಹೇಳಿದರು: ಇಲ್ಲಿ ನೀರಿನ ಆಳ ಸಾಲದು, ದೊಡ್ಡ ಹಡಗು ಕಟ್ಟೆಗೆ ಹೋಗುವುದಿಲ್ಲ, ಇಲ್ಲೇ ಲಂಗರು ಹಾಕಿದ್ದೇವೆ, ದೋಣಿಗಳಲ್ಲಿ ಇಳಿಯಿರಿ.

ಪುಸ್ತಿಕೆಯಲ್ಲಿದ್ದ ಲಂಗರಿನ ಚಿತ್ರದ ಅರ್ಥ ಮೇಸ್ತ್ರಿಗೆ ಈಗ ಹೊಳೆಯಿತು. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲಕ್ಕಿಂತ ಕೆಳಗಿನ ಅಂತಸ್ತಿಗೆ ತಳ್ಳಿಕೊಂಡು ಹೋದರು. ಹಡಗಿನ ಮಗ್ಗುಲಲ್ಲಿ ಒಂದು ಬಾಗಿಲು ತೆರೆದಿತ್ತು. ಅದರಾಚೆ ದೋಣಿ, ಅಲೆಯ ಜೊತೆ ಮೊಣಕಾಲೆತ್ತರಕ್ಕೆ ಏಳುತ್ತ ಇಳಿಯುತ್ತ ನಿಂತಿತ್ತು. ಬಾಗಿಲಲ್ಲಿದ್ದ ಅಧಿಕಾರಿ ಕುರ್ಚಿಯನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ.

“ಒಂದೇ ಹೆಜ್ಜೆ ಸರ್. ಆದ್ರೆ ಅವರೇ ಇಡ್ಬೇಕು. ಕುರ್ಚಿ ಸಮೇತ ಇಳಿಸೋ ಹಾಗಿಲ್ಲ.”

“ನಾನು ಎತ್ಕೊಂಡು ಇಳೀತೀನಿ.”

“ನೀವೇ ಜಾರಿದ್ರೆ?”

“ನೀವು ನಾಲ್ಕು ಜನ ಇದ್ದೀರಲ್ಲಪ್ಪ. ಆ ಕಡೆ ಇಬ್ರು ಹಿಡ್ಕೊಳ್ಳಿ, ಈ ಕಡೆ ಇಬ್ರು. ಅಕ್ಕ ಕಾಯ್ತಾ ಕೂತಿದ್ದಾಳೆ. ಇಪ್ಪತ್ತೊಂದು ವರ್ಷ ಆಯ್ತು.”

ಅಧಿಕಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಆಗಲ್ಲ ಸರ್, ಕ್ಷಮಿಸಿ ಎಂದು ಮೂರು ಸಲ ಹೇಳಿದ. ಹಾಗಾದರೆ ಅಕ್ಕನನ್ನೇ ಇಲ್ಲಿಗೆ ಕರೆತರಲೇ ಎಂದರೆ, ಟಿಕೆಟ್ಟಿಲ್ಲದವರನ್ನು ಹಡಗು ಹತ್ತಿಸುವಂತಿಲ್ಲ ಎಂದ. ಲಿಫ್ಟು ತುಂಬಿದ ಮೇಲೆ ‘ಒಬ್ಬನೇ ತಾನೆ, ಹತ್ಕೋತೀನಿ’ ಎಂದವರನ್ನು ಮೇಸ್ತ್ರಿಯೂ ಹೀಗೇ, ಇಷ್ಟೇ ಮರ್ಯಾದೆಯಿಂದ ಹೊರಗೆ ಇಳಿಸಿದವರು. ಅವನ ಜಾಗದಲ್ಲಿದ್ದರೆ ತಾವೂ ಬಿಡುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಂಕಟವಾಯಿತು. ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದರು. ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡರು.

ನೀರಿಗೆ ಬಂದವಳಿಗೆ ಊರಿಗೆ ಹೋಗಲಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನನ್ನನ್ನ ಮೇಲ್ಗಡೆ ಕೂರ್ಸಿ, ಊರು ಕಾಣೋ ಕಡೆ,” ಎಂದಳು. “ನೀವು ಹೋಗಿ ಬನ್ನಿ.”

“ನೀನಿಲ್ಲದೆ ನಾನು ಹೋಗಿ ಏನು ಮಾಡ್ಲಿ?”

“ಅವಳು ಬೆಳಗ್ಗೆಯಿಂದ ಕೂತಿದ್ದಾಳೆ ಕಣ್ರೀ. ನಮ್ಮವರು ಅಂತ ಒಬ್ರಾದ್ರೂ ಹೋಗ್ಬೇಕಲ್ವಾ.”

ಏಳನೆಯ ಅಂತಸ್ತಿನ ಎಡಮಗ್ಗುಲ ಕಂಬಿಯ ಕಟಾಂಜನದ ಹತ್ತಿರ, ಊರು ಎದುರಿಗೇ ಕಾಣುವಂತೆ ಮೇಸ್ತ್ರಿ ಕುರ್ಚಿ ನಿಲ್ಲಿಸಿದರು. ಗಾಲಿಗಳಿಗೆ ಬ್ರೇಕು ಹಾಕಿ, ಅದು ಬಿದ್ದಿದೆಯೇ ಎಂದು ಅಲ್ಲಾಡಿಸಿ ನೋಡಿ, ಹೊದಿಕೆ ಹೊದಿಸಿ, ಎರಡು ಬಾಟಲಿ ನೀರಿಟ್ಟು, ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಕೆಳಗೆ ಹೋದರು. ಸಾಲು ಬಾಲದಂತೆ ಬೆಳೆದಿತ್ತು. ದೋಣಿ ಹತ್ತುವ ಹೊತ್ತಿಗೆ ಒಂದೂವರೆ ಗಂಟೆ ಹೋಯಿತು. ಹತ್ತುವಾಗ ಅವರು ಇಟ್ಟದ್ದು ಒಂದೇ ಹೆಜ್ಜೆ. ಅಷ್ಟೇ ಇದ್ದದ್ದು.

ಕಟ್ಟೆಗೆ ಬಂದರೆ, ಅಲ್ಲಿ ಆ ಚಿಕ್ಕ ಹಡಗು ಒರಗಿ ನಿಂತಿತ್ತು. ಹಡಗಿನಿಂದ ಕಟ್ಟೆಗೆ ಅಗಲದ ಹಲಗೆ ಹಾಕಿದ್ದರು. ಮುದುಕನೊಬ್ಬ ಊರುಗೋಲು ಊರಿಕೊಂಡು ನಿಧಾನವಾಗಿ ಇಳಿಯುತ್ತಿದ್ದ. ಹಲಗೆಯ ಎದುರಿನ ಬೆಂಚಿನಲ್ಲಿ ಎಪ್ಪತ್ತರ ಹೆಂಗಸೊಬ್ಬಳು ಕೂತು, ಇಳಿಯುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಮೂಗು, ಗಲ್ಲ ಎಲ್ಲ ಹೆಂಡತಿಯದೇ. ಯಾವ ಹಡಗು ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ, ಎದುರಿಗಿದ್ದುದೇ ಇರಬೇಕು ಎಂದುಕೊಂಡಿದ್ದಳು.

“ಅತ್ತಿಗೆ,” ಎಂದರು ಮೇಸ್ತ್ರಿ.

ಅಕ್ಕ ಎದ್ದಳು. ಅವರನ್ನು ನೋಡಿದಳು, ಆಮೇಲೆ ಅವರ ಬೆನ್ನ ಹಿಂದೆ ನೋಡಿದಳು.

“ಅವಳೆಲ್ಲಪ್ಪ?”

ಮೇಸ್ತ್ರಿ ಹೇಳಿದರು. ಹೇಳುವುದಕ್ಕೆ ಬಹಳ ಮಾತು ಬೇಕಾಗಲಿಲ್ಲ. ಇದರಲ್ಲಿ ಬರೋಣ ಅಂದಳು, ನಾನೇ ಬೇಡ ಅಂದೆ, ತಪ್ಪೆಲ್ಲ ನಂದೇ ಎಂದರು. ಅಕ್ಕ ಚಿಕ್ಕ ಹಡಗನ್ನೊಮ್ಮೆ ನೋಡಿ ಮತ್ತೆ ಬೆಂಚಿನ ಮೇಲೆ ಕೂತಳು. “ಇರ್ಲಿ ಬಿಡಪ್ಪ. ಅವಳ ಒಳ್ಳೇದಕ್ಕೆ ತಾನೆ ಮಾಡಿದ್ದು,” ಎಂದು ಅವರ ಕೈ ಹಿಡಿದುಕೊಂಡಳು. ಅವಳ ತಲೆ ಬಾಚೋದು ನೀನೇ ಅಂತೆ, ಊಟ ಮಾಡಿಸೋದೂ ನೀನೇ ಅಂತೆ ಎಂದು ಕೇಳುತ್ತ ಕೇಳುತ್ತ ಆ ಒರಟು ಕೈಯನ್ನು ಎರಡೂ ಕೈಯಲ್ಲಿ ಸವರಿದಳು. ಈ ಸ್ಪರ್ಶ ತಮ್ಮದಲ್ಲ, ಮೇಲೆ ಕಟಾಂಜನದ ಹತ್ತಿರ ಕೂತವಳದು ಎನಿಸಿ ಮೇಸ್ತ್ರಿಗೆ ಕೈ ಕಿತ್ತುಕೊಳ್ಳಬೇಕೆನಿಸಿತು. ಕಿತ್ತುಕೊಳ್ಳಲು ಆಗಲಿಲ್ಲ.

ಅಕ್ಕನಿಗೆ ಹೊತ್ತಾಗುತ್ತಿತ್ತು. “ಎಲ್ಲಿ ಕೂತಿದ್ದಾಳೆ, ತೋರ್ಸು,” ಎಂದಳು.

ಮೇಸ್ತ್ರಿ ದೂರದ ಹಡಗಿನತ್ತ ತಿರುಗಿ ಬೆರಳೆತ್ತಿದರು, ಎತ್ತಿದ ಬೆರಳು ಹಾಗೇ ನಿಂತಿತು. ಬೆಳಗ್ಗೆ ಹಡಗಿನ ಮೂತಿ ದೀಪದ ಕಂಬದ ಗುಡ್ಡದ ಕಡೆಗಿತ್ತು. ಈಗ ಅದಕ್ಕೆ ಉಲ್ಟಾ, ಬಯಲು ಸಮುದ್ರದ ಕಡೆಗಿದೆ. ಅರ್ಥವಾಗಲು ಅರೆನಿಮಿಷ ಹಿಡಿಯಿತು. ಸಮುದ್ರದ ಉಬ್ಬರ ಹೋಗಿ ಇಳಿತ ಬಂದಿತ್ತು, ನೀರಿನ ಸೆಳೆತಕ್ಕೆ ಲಂಗರಿನ ಸುತ್ತ ಹಡಗು ತಿರುಗಿಬಿಟ್ಟಿತ್ತು. ಈಗ ಊರಿಗೆ ಕಾಣುತ್ತಿರುವುದು ಬಲಮಗ್ಗುಲು. ಬ್ರೇಕು ಬಿಗಿದ ಕುರ್ಚಿಯಲ್ಲಿ ಆಕೆ ಆಚೆ ಮಗ್ಗುಲಲ್ಲಿದ್ದಳು, ಸಮುದ್ರಕ್ಕೆ ಮುಖ ಮಾಡಿ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿಯದೇ.

“ರೀ, ಅಕ್ಕ ಸಿಕ್ಕಿದ್ಲಾ?”

“ಸಿಕ್ಕಿದ್ರು. ಇಲ್ಲೇ ಇದ್ದಾರೆ.”

“ಅವಳ ಹತ್ರ ಹಿಡೀರಿ ಫೋನು. ಅಕ್ಕಾ, ಕಟ್ಟೆ ತುದೀಲಿ ನಿಂತಿದ್ದೀಯ ಅಲ್ವಾ? ಕಾಣ್ತಾ ಇದ್ದೀಯ ಕಣೇ. ಕೈ ಬೀಸು.”

ಅಕ್ಕ ಬೆಂಚಿನಿಂದ ಎದ್ದು, ಎಲ್ಲಿ ಎಂಬಂತೆ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಬೆರಳು ತೋರಿಸಿದರು. ಕೆಳಗಿನಿಂದ ಏಳನೆಯ ಸಾಲು, ನಡುವೆ, ಯಾರದೋ ಒಂದು ಬಿಳಿ ಚುಕ್ಕೆ. ಅಕ್ಕ ಎರಡೂ ಕೈ ಎತ್ತಿ ಬೀಸಿದಳು.

“ಕಂಡೆ, ಕಂಡೆ. ಎಷ್ಟು ತೆಳ್ಳಗಾಗಿದ್ದೀಯ ಅಕ್ಕಾ.”

“ನೀನೂ ಕಾಣ್ತಾ ಇದ್ದೀಯ ಕಣೇ. ಗುಂಡಗೆ ಚೆನ್ನಾಗಿದ್ದೀಯ,” ಎಂದಳು ಅಕ್ಕ. ಆಕೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಬೀಸುವ ಕೈ ಮಾತ್ರ ನಿಲ್ಲಲಿಲ್ಲ.

ಮೇಸ್ತ್ರಿ ಫೋನು ಹಿಡಿದು ಇಬ್ಬರ ನಡುವೆ ನಿಂತಿದ್ದರು. ಹೆಂಡತಿಯ ಕಣ್ಣೆದುರು ಇರುವುದು ಬರೀ ನೀರು ಎಂದು ಅಕ್ಕನಿಗೆ ಅವರು ಹೇಳುವಂತಿರಲಿಲ್ಲ.

“ರೀ, ನೀವೂ ಕೈ ಬೀಸ್ರೀ,” ಎಂದಳು ಹೆಂಡತಿ. “ಪಕ್ಕದಲ್ಲೇ ಕಾಣ್ತಾ ಇದ್ದೀರ.”

ಮೇಸ್ತ್ರಿ ಕೈ ಎತ್ತಿ ಬೀಸಿದರು.