ನೆಂಟರ ಗ್ಯಾಸು

ಡಾಕ್ಟ್ರು ಕೇಳಿದ್ದು ಅಮ್ಮನಲ್ಲಿ. ಉತ್ತರ ಕೊಟ್ಟದ್ದು ನಾನು.

"ಮನೆಯಲ್ಲಿ ಅಡಿಗೆ ಎಂತದರಲ್ಲಿ ಮಾಡುದು? ಕಟ್ಟಿಗೆಯಲ್ಲಿಯಾ?" ಎಂದಿದ್ದರು. ಅಮ್ಮ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿ ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು ಬಾಯಿ ಹಾಕಿದೆ. "ಇಲ್ಲ ಡಾಕ್ಟ್ರೇ, ನಮ್ಮಲ್ಲಿ ಗ್ಯಾಸ್ ಉಂಟು." ಮಂಗಳೂರಿನಿಂದ ನಮ್ಮ ಮಂಜೇಶ್ವರಕ್ಕೆ ಹೋಗುವ ಬಸ್ಸು ತಪ್ಪುತ್ತದೆ ಎಂಬ ಅವಸರ ನನಗೆ. ಸುಳ್ಳು ಹೇಳಬಾರದು, ಸ್ವಲ್ಪ ಜಂಬವೂ ಇತ್ತು. ಡಾಕ್ಟ್ರು ತಲೆಯಾಡಿಸಿ, ಧೂಳಿನ ಅಲರ್ಜಿ ಇರಬಹುದು ಎಂದು ಬರೆದು, ಬಾಯಿಗೆ ಇಟ್ಟು ಎಳೆಯುವ ಮದ್ದು ಕೊಟ್ಟರು. ಎರಡು ತಿಂಗಳಲ್ಲಿ ಕಡಿಮೆಯಾಗದಿದ್ದರೆ ಶ್ವಾಸಕೋಶವನ್ನು ಪೂರ್ತಿ ಪರೀಕ್ಷೆ ಮಾಡಬೇಕಾಗುತ್ತದೆ ಎಂದರು. ಬಸ್ಸು ಹೇಗೂ ತಪ್ಪಿತು.

ಕಡಿಮೆಯಾಗಲಿಲ್ಲ. ಬಾವಿಕಟ್ಟೆಯಿಂದ ಅಡಿಗೆಕೋಣೆಗೆ ಬರುವಾಗ ಅಮ್ಮ ಮಧ್ಯೆ ಒಮ್ಮೆ ಕೂತು ಬರಬೇಕಾಗುತ್ತಿತ್ತು. ಮನೆಯಲ್ಲಿ ನಾವಿಬ್ಬರೇ. ರಾತ್ರಿ ಗೋಡೆಯ ಆಚೆಯಿಂದ ಆ ಕೆಮ್ಮು ಕೇಳುವಾಗ ನನಗೆ ಹೆದರಿಕೆ ಆಗುತ್ತಿತ್ತು, ಹೆದರಿಕೆಯಾದರೆ ಸಿಟ್ಟು ಬರುವ ಜಾತಿ ನನ್ನದು. ಬೆಳಿಗ್ಗೆ ಎದ್ದು, ಮದ್ದು ಸರಿಯಾಗಿ ಎಳೆಯುವುದಿಲ್ಲ, ಗುಡಿಸುವಾಗ ಮುಖಕ್ಕೆ ಬಟ್ಟೆ ಕಟ್ಟುವುದಿಲ್ಲ ಎಂದು ಅಮ್ಮನಿಗೇ ಬೈದು, ಬ್ಯಾಗು ಹೆಗಲಿಗೆ ಹಾಕಿ ಹೊರಡುತ್ತಿದ್ದೆ.

ಆ ಎರಡು ತಿಂಗಳು ನಾನು ಮಾಡುತ್ತಿದ್ದ ಕೆಲಸ ಎಂತದು ಗೊತ್ತುಂಟಾ? ಮನೆಮನೆಗೆ ಹೋಗಿ ಡಾಕ್ಟ್ರು ಕೇಳಿದ ಅದೇ ಪ್ರಶ್ನೆ ಕೇಳುವುದು. ಮನೆಗಳಲ್ಲಿ ಕರೆಂಟು ಎಷ್ಟು, ಅಡಿಗೆಗೆ ಉರಿ ಯಾವುದು ಎಂದು ಅಳೆಯುವ ಒಂದು ಸರ್ವೆ. ದಿನಕ್ಕೆ ಎಷ್ಟು ಗಂಟೆ ಕರೆಂಟು ಉಂಟು, ಸಂಜೆ ವೋಲ್ಟೇಜ್ ಇಳಿಯುತ್ತದಾ, ಮುಖ್ಯ ಒಲೆ ಯಾವುದು, ಒಂದು ಸಿಲಿಂಡರ್ ಎಷ್ಟು ಸಮಯ ಬರುತ್ತದೆ. ಎಲ್ಲ ಉತ್ತರ ಒತ್ತಿ ಆದಮೇಲೆ ಟ್ಯಾಬ್ ತಾನೇ ಲೆಕ್ಕ ಹಾಕಿ ಆ ಮನೆಗೆ ಒಂದು ದರ್ಜೆ ಕೊಡುತ್ತಿತ್ತು. ಸೊನ್ನೆಯಿಂದ ಐದರವರೆಗೆ. ನಮ್ಮ ಕಡೆ ಹೆಚ್ಚಿನ ಮನೆಗಳು ಮೇಲಿನ ದರ್ಜೆಯಲ್ಲೇ ಕೂತವು. ಬ್ಯಾಗು, ಟ್ಯಾಬ್ ಹಿಡಿದು ಬಂದ ಹೆಂಗಸರೆಲ್ಲ ಇಲ್ಲಿ ಟೀಚರೇ. ಹಾಗಾಗಿ ಒಂದು ದಿನವೂ ಪಾಠ ಮಾಡದ ನಾನೂ ಟೀಚರಾದೆ.

ನನಗೆ ಕೂತಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಬೇರೆಯವರು ನಾಲ್ಕು ಮನೆ ಮುಗಿಸುವಾಗ ನಾನು ಏಳು ಮುಗಿಸುತ್ತಿದ್ದೆ. ಅಡ್ಡ ಬರುತ್ತಿದ್ದದ್ದು ಒಂದೇ, ಚಾ. ಬೇಡ ಎಂದರೆ ಯಾರು ಕೇಳುತ್ತಾರೆ? "ಒಂದು ತೊಟ್ಟು ಕುಡೀರಿ ಟೀಚರೇ, ಈಗ ಆಯ್ತು," ಎಂದು ಒಳಗೆ ಹೋಗುತ್ತಿದ್ದರು. ಜಗಲಿಯಲ್ಲಿ ಕೂತ ಗಂಡಸಿನ ಬಳಿ ನಾನು ಪ್ರಶ್ನೆ ಕೇಳುತ್ತಿರುವಾಗ ಒಳಗಿನಿಂದ ಗ್ಯಾಸ್ ಲೈಟರಿನ ಟಕ್ ಟಕ್ ಕೇಳುತ್ತಿತ್ತು. ಮುಖ್ಯ ಒಲೆ ಯಾವುದು? ಗ್ಯಾಸ್, ಅನ್ನುತ್ತಿದ್ದ ಅವನು. ಕಿವಿಗೆ ಸಾಕ್ಷಿಯೂ ಸಿಕ್ಕಿತಲ್ಲ, ಇನ್ನೆಂತ ಬೇಕು. ಒತ್ತಿ ಮುಂದೆ ಹೋಗುತ್ತಿದ್ದೆ.

ಅನಂತಪುರದ ಹತ್ತಿರ ಒಂದು ಮನೆಯಲ್ಲಿ ಟ್ಯಾಬಿನ ಚಾರ್ಜ್ ಮುಗಿಯಿತು. ಯಜಮಾನರು ಅಷ್ಟರಲ್ಲಿ ಎಲ್ಲ ಉತ್ತರ ಕೊಟ್ಟು ಆಗಿತ್ತು. ಗ್ಯಾಸ್, ಸಿಲಿಂಡರ್ ಐದು ತಿಂಗಳು ಬರುತ್ತದೆ, ಕರೆಂಟಿನ ಒಲೆಯೂ ಉಂಟು. ಪ್ಲಗ್ ಅಡಿಗೆಕೋಣೆಯಲ್ಲಿ ಎಂದರು. ಒಳಗೆ ಹೋದರೆ ಅವರ ಹೆಂಡತಿ ಪಾತ್ರೆ ಇಳಿಸುವ ಮೊದಲೇ ಗ್ಯಾಸ್ ಆರಿಸಿ, ನನ್ನ ಚಾ ಸೋಸಿ ಕೊಟ್ಟರು. ಕರೆಂಟಿನ ಒಲೆಗೆ ಕಸೂತಿ ಹಾಕಿದ ಬಟ್ಟೆ ಮುಚ್ಚಿತ್ತು, ಅದರ ಮೇಲೆ ಬಾಳೆಹಣ್ಣಿನ ತಟ್ಟೆ. ಹಿಂದಿನ ಬಾಗಿಲ ಆಚೆ ತಗಡಿನ ಮಾಡಿನ ಕೆಳಗೆ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಕುದಿಯುತ್ತಿತ್ತು. ಅಡಿಯಲ್ಲಿ ತೆಂಗಿನ ಗರಿಯ ಮಡಲು, ಗೆರಟೆ ಚಿಪ್ಪು, ಹಸಿ ಕಟ್ಟಿಗೆ. ಹೊಗೆ ಒಳಗೇ ಬರುತ್ತಿತ್ತು.

"ಅವರು ಗ್ಯಾಸ್ ಅಂದ್ರಲ್ಲ," ಎಂದೆ.

ಅವರು ನಕ್ಕರು. "ಅವರು ಈ ಕೋಣೆಗೆ ಬರುದು ನೀರು ಕುಡೀಲಿಕ್ಕೆ ಮಾತ್ರ ಟೀಚರೇ. ಕುಚ್ಚಲಕ್ಕಿ ಒಂದೂವರೆ ಗಂಟೆ ಬೇಯ್ಬೇಕು. ಗ್ಯಾಸಿನಲ್ಲಿ ಇಟ್ರೆ ಸಿಲಿಂಡರ್ ತಿಂಗಳು ಬರ್ಲಿಕ್ಕಿಲ್ಲ. ಕರೆಂಟಿನದ್ದು ಸಂಜೆ ಹಚ್ಚಿದ್ರೆ ಫ್ಯಾನೂ ನಿಲ್ತದೆ. ಗ್ಯಾಸ್ ನೆಂಟರಿಗೆ. ನೀವು ಬಂದದ್ದಕ್ಕೆ ಹಚ್ಚಿದೆ."

ಚಾ ಲೋಟ ಕೈಯಲ್ಲೇ ಉಳಿಯಿತು. ಅಷ್ಟೂ ದಿನ, ಅಷ್ಟೂ ಮನೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ನನಗೋಸ್ಕರ ಹಚ್ಚಿದ ಒಲೆಯ ಸದ್ದು. ನಾನು ಅಳೆಯುತ್ತಿದ್ದದ್ದು ಅವರ ಮರ್ಯಾದೆಯನ್ನು. ಒಲೆ ಹಿತ್ತಿಲಿನಲ್ಲಿ ಬೇರೆಯೇ ಇತ್ತು.

ಹೊರಗೆ ಬಂದು ಸರ್ವೆಯ ಸೂಪರ್‌ವೈಸರಿಗೆ ಫೋನು ಮಾಡಿ, ಈವರೆಗಿನ ಉತ್ತರಗಳನ್ನು ತಿದ್ದಬೇಕು ಎಂದೆ. ಅವನು ಮಲಯಾಳದಲ್ಲಿ ಶಾಂತವಾಗಿ, ಗೃಹನಾಥ ಹೇಳಿದ್ದನ್ನು ಬರೆದರೆ ಸಾಕು, ಕಳಿಸಿದ ಫಾರ್ಮು ಪುನಃ ತೆರೆಯಲು ಬರುವುದಿಲ್ಲ ಎಂದ. ಅಡಿಗೆ ಮಾಡುವವರನ್ನೇ ಕೇಳಬೇಕು ಎಂದು ನೀವು ಕೊಟ್ಟ ಪುಸ್ತಕದಲ್ಲಿ ಉಂಟಲ್ಲ ಮಾರಾಯ, ಎಂದು ನಾನು ರಸ್ತೆಯಲ್ಲೇ ಜೋರು ಮಾಡಿದೆ. ಓದಿದ್ದೀರಲ್ಲ, ಮತ್ತೆ ಯಾಕೆ ಕೇಳಲಿಲ್ಲ, ಎಂದ ಅವನು. ಫೋನು ಇಟ್ಟುಬಿಟ್ಟೆ.

ಮುಂದಿನ ಮನೆಯ ಕಡೆಗೆ ಹತ್ತು ಹೆಜ್ಜೆ ಹಾಕಿದೆನೋ ಇಲ್ಲವೋ, ಐದು ತಿಂಗಳು ಎಂಬ ಮಾತು ತಲೆಯಲ್ಲಿ ಸಿಕ್ಕಿಹಾಕಿಕೊಂಡಿತು. ನಮ್ಮ ಸಿಲಿಂಡರ್ ಎಷ್ಟು ಬರುತ್ತದೆ? ಹೊಸತು ಜೋಡಿಸಿದ ದಿನ ಅಮ್ಮ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಹಾಕುತ್ತಾಳೆ. ಕಳೆದ ಸಲದ ಸುತ್ತು ವಿಷುವಿನ ವಾರದಲ್ಲಿತ್ತು. ಈಗ ಚೌತಿಯೂ ಕಳೆದಿತ್ತು, ನಮ್ಮದೂ ಐದು ತಿಂಗಳು. ನಮ್ಮ ಅಮ್ಮನ ಹಾಗೆ ಹಿಡಿತದಲ್ಲಿ ಗ್ಯಾಸ್ ಉರಿಸುವವರು ಯಾರಿದ್ದಾರೆ ಎಂದು ನಾನೇ ನಾಲ್ಕು ಜನರಲ್ಲಿ ಹೇಳಿಕೊಂಡಿದ್ದೆ. ಹಿಂದಿನ ಒಲೆ ಸ್ನಾನದ ನೀರಿಗೆ, ಸೀರೆಯ ಹೊಗೆ ವಾಸನೆ ಅದರದ್ದು ಎಂದು ನಂಬಿದ್ದೆ. ಆದಿತ್ಯವಾರ ಮಾತ್ರ ನಮ್ಮಲ್ಲಿ ಕುಕ್ಕರಿನಲ್ಲಿ ಬೇಗ ಬೇಯುವ ಬಿಳಿ ಬೆಳ್ತಿಗೆ ಅಕ್ಕಿಯ ಅನ್ನ. ರಜೆಯ ದಿನದ ವಿಶೇಷ ಎಂದು ತಿಂದು ಮಲಗುತ್ತಿದ್ದೆ.

ಕಾಲು ನಿಲ್ಲಲಿಲ್ಲ. ಸಿಕ್ಕಿದ ಬಸ್ಸು ಹತ್ತಿ, ಕುಂಬಳೆಯಲ್ಲಿ ಬದಲಿಸಿ, ಸೀಟು ಇದ್ದರೂ ಕೂರದೆ ಬಾಗಿಲ ಹತ್ತಿರ ನಿಂತೇ ಬಂದೆ. ಹೊತ್ತು ಹನ್ನೊಂದೂವರೆ. ಆ ಹೊತ್ತಿನಲ್ಲಿ ವಾರದ ದಿನ ನಾನು ಮನೆ ನೋಡಿದ್ದೇ ಇಲ್ಲ. ಗೇಟಿನಿಂದಲೇ ಹಿಂದಿನ ಮಾಡಿನ ಮೇಲೆ ಹೊಗೆ ಕಂಡಿತು.

ಅಮ್ಮ ಮಣೆಯ ಮೇಲೆ ಕೂತು ಕೊಳವೆಯಿಂದ ಒಲೆ ಊದುತ್ತಿದ್ದಳು. ಎರಡು ಸಲ ಊದುವುದು, ಕೆಮ್ಮುವುದು, ಸೊಂಟಕ್ಕೆ ಸಿಕ್ಕಿಸಿದ ಡಾಕ್ಟ್ರ ಮದ್ದು ತೆಗೆದು ಒಮ್ಮೆ ಎಳೆಯುವುದು, ಪುನಃ ಊದುವುದು. ದಾರಿಯುದ್ದಕ್ಕೂ ಬೈಗುಳ ಕಟ್ಟಿಕೊಂಡು ಬಂದ ನನಗೆ ಅಳು ಬಂತು.

ನನ್ನನ್ನು ಕಂಡವಳೇ ಅಮ್ಮ ಗೋಡೆ ಹಿಡಿದು ಎದ್ದಳು. "ಎಂತ, ಇಷ್ಟು ಬೇಗ? ಕೂತ್ಕೊ, ಚಾ ಇಡ್ತೇನೆ," ಎಂದು ಒಳಗೆ ಹೋದಳು. ನಾನು ಹಿಂದೆಯೇ ಹೋಗುವಷ್ಟರಲ್ಲಿ ಲೈಟರ್ ಟಕ್ ಟಕ್ ಎಂದಿತು. ಗ್ಯಾಸ್ ಹತ್ತಿತು.

"ನಾನಿಲ್ಲದಾಗ ಇದನ್ನು ಹಚ್ಚುದೇ ಇಲ್ವಾ?" ಎಂದು ಕೇಳಿದೆ.

"ಒಬ್ಬಳಿಗೆ ಎಂತಕ್ಕೆ?" ಎಂದಳು. "ನೀನು ದುಡಿದು ತಂದದ್ದು. ನೀನು ಬಂದಾಗ ಇರ್ಬೇಕಲ್ಲ."

ಮರುದಿನದಿಂದ ನಾನು ಜಗಲಿಯಲ್ಲಿ ಕೂರುವುದನ್ನು ಬಿಟ್ಟೆ. ಮೊದಲು ಹಿತ್ತಿಲಿಗೆ ಹೋಗಿ ಆಮೇಲೆ ಪ್ರಶ್ನೆ ಕೇಳಿದೆ. ದಿನಕ್ಕೆ ಮೂರೇ ಮನೆ ಮುಗಿದವು, ಸೂಪರ್‌ವೈಸರ್ ಮುಖ ಊದಿಸಿಕೊಂಡ. ನಮ್ಮ ಮನೆಯ ಹಿಂದಿನ ಒಲೆಯ ಮೇಲೆ ನಾನು ಒಂದು ಕೊಡ ನೀರು ಹೊಯ್ದು ಹೋದರೆ, ಸಂಜೆ ಬರುವಾಗ ಅದು ಒಣಗಿ ಬೂದಿ ಹೊಸತಾಗಿರುತ್ತಿತ್ತು. ಜಗಳ ಆಡಿದೆ. ಅಮ್ಮ ಹೂಂ ಎನ್ನುತ್ತಿದ್ದಳು, ಅಷ್ಟೆ.

ಎರಡು ತಿಂಗಳು ತುಂಬಿದಾಗ ಪುನಃ ಮಂಗಳೂರಿಗೆ ಹೋದೆವು. ಡಾಕ್ಟ್ರು ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. ಮದ್ದು ನಾಟುತ್ತಿಲ್ಲ, ಯಾಕೆಂದು ತಿಳಿಯುತ್ತಿಲ್ಲ ಎಂದರು. ಹಳೆಯ ಚೀಟಿ ನೋಡಿ ಕೇಳಿದರು, "ಅಡಿಗೆ ಎಂತದರಲ್ಲಿ ಅಂದಿದ್ರಿ ಅಮ್ಮ?"

ನಾನು ಈ ಸಲ ತುಟಿ ಕಚ್ಚಿ ಹಿಡಿದೆ. ಅಮ್ಮನೇ ಹೇಳಲಿ ಎಂದು ಕಾದೆ. ಅಮ್ಮ ನನ್ನ ಮುಖ ನೋಡಿದಳು. ಬಿಳಿ ಗೋಡೆ, ಡಾಕ್ಟ್ರ ಪೆನ್ನು, ಬಾಗಿಲಲ್ಲಿ ನಿಂತ ನರ್ಸು, ಎಲ್ಲವನ್ನೂ ನೋಡಿ ಸೀರೆ ಸರಿ ಮಾಡಿಕೊಂಡಳು. ಆಮೇಲೆ ಹಿಂದಿನ ಸಲ ನಾನು ಹೇಳಿದ ಅದೇ ಮಾತನ್ನು, ಒಂದಕ್ಷರ ತಪ್ಪದೆ, ನನ್ನ ಮರ್ಯಾದೆ ಉಳಿಸುವ ಹಾಗೆ ಹೇಳಿದಳು.

"ಇಲ್ಲ ಡಾಕ್ಟ್ರೇ, ನಮ್ಮಲ್ಲಿ ಗ್ಯಾಸ್ ಉಂಟು."

ಡಾಕ್ಟ್ರು ಬರೆಯಲು ಚೀಟಿಗೆ ಪೆನ್ನು ತಾಗಿಸಿ ಆಗಿತ್ತು. ನಾನು ಅವರ ಕೈ ಹಿಡಿದೆ. ಪರಗಂಡಸಿನ ಕೈ, ಅಮ್ಮ ಬೆಚ್ಚಿಬಿದ್ದಳು.

"ಬರೀಬೇಡಿ," ಎಂದೆ. "ಅದು ನನಗೆ. ಅಮ್ಮನಿಗೆ ಕಟ್ಟಿಗೆ."