ಸೀರೆ ಗಾರ್ಡು ಬಿಚ್ಚಿದ ದಿನ

ನಿಮ್ಮ ಅವ್ವ ಯಾಕೆ ಕುಂಟುತ್ತಾಳೆ ಎಂದು ನೀವು ಕೇಳಿದಾಗ, ಬೈಕಿನಿಂದ ಬಿದ್ದಳು ಎಂದಷ್ಟೇ ಹೇಳಿದ್ದೆ. ಅದರ ಹಿಂದಿನದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ಬೈಕು ಒಂದು ವರ್ಷ ಗೋಣಿತಾಟು ಹೊದ್ದುಕೊಂಡು ಅಂಗಳದಲ್ಲಿ ನಿಂತಿತ್ತು. ನನ್ನ ಮಗನಿಗೆ, ಅಂದರೆ ನಿಮ್ಮ ಅಪ್ಪನಿಗೆ, ಆಗಿನ್ನೂ ಮದುವೆಯಾಗಿರಲಿಲ್ಲ. ಆ ಬೈಕಿಗೆ ದಪ್ಪ ಗಾಲಿ ಹಾಕಿಸುತ್ತೇನೆಂದು ಹಟ ಹಿಡಿದ. ಸಂತೆಗೆ ಹೊರಟಿದ್ದ ನನ್ನನ್ನೂ ಹಿಂದೆ ಕೂರಿಸಿಕೊಂಡು ಕೊಟ್ಟೂರಿನ ಗ್ಯಾರೇಜಿಗೆ ಹೋದ.

ಮಿಸ್ತ್ರಿ ವಯಸ್ಸಾದ ಸಾಬರು. ಹಳೆಯ ಗಾಲಿ ಕಳಚಿ ಹೊಸದನ್ನು ಕೂರಿಸಿದರು. ಟೈರು ಹಳೆಯದರ ಎರಡರಷ್ಟು ಅಗಲ. ತಿರುಗಿಸಿದರೆ ಚೈನಿನ ಕವರಿಗೆ ಉಜ್ಜುತ್ತಿತ್ತು. ಕವರು ಬಿಚ್ಚಿದರು. ಹೆಂಗಸರ ಸೆರಗು ಗಾಲಿಗೆ ಸಿಗದಂತೆ ಎಡಗಡೆ ಹಾಕುವ ಕಬ್ಬಿಣದ ಜಾಲರಿ, ಸೀರೆ ಗಾರ್ಡು, ಅದಕ್ಕೂ ಜಾಗವಿರಲಿಲ್ಲ. ಕಾಲಿಡುವ ಪಟ್ಟಿಯೂ ಅದಕ್ಕೇ ಬೆಸೆದುಕೊಂಡಿತ್ತು. ಮಿಸ್ತ್ರಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ನಿಂತರು.

“ಇದನ್ನೂ ತೆಗೀಬೇಕಾಗತೈತಿ ನೋಡಪ್ಪ. ಹಿಂದ ಹೆಣ್ಮಕ್ಕಳು ಕುಂದ್ರತಾರೇನು?”

“ಯಾರ್ ಕುಂದ್ರತಾರ, ತಗೀ ಕಾಕಾ. ನಮ್ಮವ್ವ ಬಸ್ಸಿಗೇ ಹೋಗ್ತಾಳ.”

“ಮತ್ತ ಈಗ ಹಾರ್ಕೊಂಡ್ ಬಂದ್ರೇನು ನಿಮ್ಮವ್ವ?”

ಅಲ್ಲಿದ್ದವರೆಲ್ಲ ನಕ್ಕರು. ನಿಮ್ಮ ಅಪ್ಪನ ಮುಖ ಸಣ್ಣದಾಯಿತು. ಮಿಸ್ತ್ರಿ ನನ್ನ ಕಡೆ ತಿರುಗಿದರು.

“ಅಮ್ಮಾರ, ನೀವು ಹೇಳ್ರಿ. ನಾಳೆ ಸೊಸಿ ಬರ್ತಾಳ. ತೆಗೀಲೋ, ಬಿಡ್ಲೋ?”

ಬಿಡ್ರಿ ಎನ್ನಬೇಕಿತ್ತು. ಅಷ್ಟು ಗಂಡಸರ ನಡುವೆ ಬಾಯಿ ತೆರೆಯಲು ನಾಚಿಕೆ. ಮಗನಿಗೆ ಇನ್ನೊಮ್ಮೆ ಅವಮಾನವಾದೀತೆಂಬ ಅಳುಕು ಬೇರೆ. ತಲೆಯ ಮೇಲೆ ಸೆರಗೆಳೆದುಕೊಂಡು ನೆಲ ನೋಡಿದೆ. ಮಿಸ್ತ್ರಿ ಬೋಲ್ಟು ತಿರುಗಿಸಿದರು. ಗಾರ್ಡನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

“ಇಟ್ಟಿರ್ರಿ, ಒಗೀಬ್ಯಾಡ್ರಿ.”

ಆ ಬೈಕಿನ ಮೇಲೆ ಕೂರಲು ನನಗೇ ಹೆದರಿಕೆಯಾಗಿ ಬಸ್ಸು ಹತ್ತಿ ಮನೆಗೆ ಬಂದೆ.

ಮರುವರ್ಷ ನಿಮ್ಮ ಅವ್ವ ಸೊಸೆಯಾಗಿ ಬಂದಳು. ಮದುವೆಯಾದ ಎರಡನೇ ತಿಂಗಳು ಇಬ್ಬರೂ ಹತ್ತಿರದ ಉಜ್ಜಿನಿಗೆ ಅದೇ ಬೈಕಿನಲ್ಲಿ ಹೊರಟರು. ಅವಳು ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದಳು, ಪಾದಕ್ಕೆ ಆಸರೆಯಿಲ್ಲ. ಹಸಿರು ಸೆರಗು ಗಾಲಿಯ ಪಕ್ಕದಲ್ಲೇ ಇತ್ತು. “ಸೆರಗು ಹುಷಾರವ್ವ” ಅಂದೆ. ಅದೂ ಬೈಕು ಶುರುವಾದ ಮೇಲೆ. ಅವಳಿಗೆ ಕೇಳಿಸಿತೋ ಇಲ್ಲವೋ.

ಊರು ದಾಟುವ ಮೊದಲೇ ಸೆರಗು ಗಾಲಿಗೆ ಸುತ್ತಿಕೊಂಡು ಅವಳನ್ನು ಕೆಳಗೆಳೆಯಿತು. ಎಡಗಾಲಿನ ಹಿಮ್ಮಡಿ ಗಾಲಿಯೊಳಗೆ ಸಿಕ್ಕಿತು. ಬಿಡಿಸಲು ಗಾಲಿಯನ್ನೇ ಬಿಚ್ಚಬೇಕಾಯಿತು.

ಆಸ್ಪತ್ರೆಗೆ ನೋಡಲು ಬಂದ ನನ್ನ ಅಕ್ಕ, “ಸೀರಿ ಹಿಡ್ಕೊಂಡು ಕುಂದ್ರಾಕ ಬರಂಗಿಲ್ಲೇನ ನಿನಗ?” ಎಂದು ಬೈದಳು.

“ನಂದ ತಪ್ಪು ದೊಡ್ಡತ್ತಿ,” ಎಂದಳು ನಿಮ್ಮ ಅವ್ವ.

ನಿಮ್ಮ ಅಪ್ಪ ಗೋಡೆಯ ಕಡೆ ಮುಖ ಮಾಡಿದ. ನಾನು ಹಾಲಿನ ಲೋಟ ಹಿಡಿದುಕೊಂಡು ಅಲ್ಲೇ ಇದ್ದೆ.

ಹಿತ್ತಲಲ್ಲಿ ಹೀರೆಬಳ್ಳಿಯ ಬುಡಕ್ಕೆ ನೆಟ್ಟಿರುವ ತುಕ್ಕು ಹಿಡಿದ ಜಾಲರಿಯನ್ನು ನೀವು ನೋಡಿದ್ದೀರಿ. ಅದೇ ಆ ಗಾರ್ಡು. ನಿಮ್ಮ ಅವ್ವನಿಗೆ ಅದು ಗೊತ್ತಿಲ್ಲ. ದಿನವೂ ಕಾಲೆಳೆದುಕೊಂಡು ಹೋಗಿ ಅಲ್ಲಿಗೆ ನೀರು ಹಾಕುತ್ತಾಳೆ. ಯಾರಾದರೂ ಕಾಲಿನ ವಿಷಯ ಕೇಳಿದರೆ ಇಂದಿಗೂ ತನ್ನದೇ ತಪ್ಪು ಎನ್ನುತ್ತಾಳೆ.

ಇದನ್ನು ಅವಳ ಮುಂದೆ ಓದಿರಿ. ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಓದಿರಿ.