ಬಂದದ, ಬಂದ್ ಅದ

ಶಹಾಬಾದಿನ ನಮ್ಮ ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಅಷ್ಟೆ. ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲೂ ಕಲ್ಲು. ಬೇಸಿಗೆಯಲ್ಲಿ ಒಳಗೂ ಬೇಯುತ್ತಿದ್ದೆವು, ಹೊರಗೂ ಬೇಯುತ್ತಿದ್ದೆವು. ಆದರೂ ಕೊಡ್ಲಿ ಎಂಬ ಹಳ್ಳಿಯ ನನ್ನ ತವರಿನವರ ಕಣ್ಣಿಗೆ ಅದು ಅರಮನೆ, ಏಕೆಂದರೆ ಅಲ್ಲಿ ಕರೆಂಟಿತ್ತು. ಒಳಬಾಗಿಲ ಮೇಲೆ ಮಾವನವರು ಬದುಕಿದ್ದಾಗ ಹಾಕಿಸಿದ್ದ ಫ್ಯೂಜಿನ ಮರದ ಹಲಗೆಯಿತ್ತು. ಅತ್ತೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಆ ಹಲಗೆಗೂ ವಿಭೂತಿ ಹಚ್ಚುತ್ತಿದ್ದರು. ಬೆಳಕು ಕೊಡುವ ವಸ್ತು, ಹಾಗೇ ಬಿಡಬಾರದು ಎಂದು ಅವರ ವಾದ.

ನಿಜಾಮರ ಆಳ್ವಿಕೆ ಮುಗಿದು ಕೆಲವು ವರ್ಷವಾಗಿತ್ತು. ನಾನು ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ಮಳೆಗಾಲದಲ್ಲಿ ಹಲಗೆಗೆ ಗೆದ್ದಲು ಹಿಡಿಯಿತು. ಬಲ್ಬು ಹಚ್ಚಿದರೆ ಚಿಟಿಚಿಟಿ ಸದ್ದು, ಸುಟ್ಟ ವಾಸನೆ. ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ, "ಇದು ಒಂದಿನ ಮನೀನೇ ಸುಡ್ತದ" ಎಂದು ಪಕ್ಕದ ವಾಡಿಯಿಂದ ಪರಿಚಯದ ವೈರ್‌ಮನ್ ಒಬ್ಬರನ್ನು ಗೊತ್ತುಮಾಡಿ, ತಾವು ಹಗಲು ಪಾಳಿಗೆ ಹೊರಟುಹೋದರು.

ಇಲ್ಲಿ ಅತ್ತೆಯ ಒಂದು ನೇಮ ಹೇಳಬೇಕು. ದೀಪದ ಮಾತಿಗೆ "ಆರಿಸು" ಎನ್ನುವಂತಿರಲಿಲ್ಲ. "ದೊಡ್ಡದು ಮಾಡು" ಎನ್ನಬೇಕು. ಆರಿಸು ಎಂದರೆ ಮನೆಯ ದೀಪಕ್ಕೇ ತಟ್ಟುತ್ತದೆ, ಮನೆಯ ದೀಪವೆಂದರೆ ಮಗ, ಅವರಿಗಿದ್ದವನು ಒಬ್ಬನೇ ಮಗ. ನಮ್ಮ ತವರಲ್ಲೂ ಆರಿಸು ಎನ್ನುತ್ತಿರಲಿಲ್ಲ, ಆದರೆ ನಾವು "ಶಾಂತ ಮಾಡು" ಎನ್ನುವವರು. ಬಂದ ಹೊಸದರಲ್ಲಿ ಅತ್ತೆ "ದೀಪ ದೊಡ್ಡದು ಮಾಡವಾ" ಎಂದಾಗ ನಾನು ಕಂದೀಲಿನ ಬತ್ತಿ ಏರಿಸಿ ಗಾಜು ಕಪ್ಪುಮಾಡಿ ಬೈಸಿಕೊಂಡಿದ್ದೆ. ಎಣ್ಣೆಯ ದೀಪಕ್ಕಿದ್ದ ಆ ನೇಮವನ್ನು ಅವರು ಬಲ್ಬಿಗೂ ದಾಟಿಸಿದ್ದರು.

ವೈರ್‌ಮನ್ ಬಂದರು. ಮನೆಮಾತು ಉರ್ದು, ಕನ್ನಡವೂ ಸಲೀಸು, ಬಾಯಿ ತುಂಬ ಪಾನು, ಮೈಯೆಲ್ಲ ಅವಸರ. ನಮ್ಮ ಸ್ಟೂಲಿನ ಒಂದು ಕಾಲು ಗಿಡ್ಡ, ಅದನ್ನು ಹಿಡಿದು ನಿಲ್ಲುವ ಕೆಲಸ ನನ್ನದು. ಹೊರಗೋಡೆಯ ಮೇಲಿದ್ದ ಕಬ್ಬಿಣದ ಖಟಕಾ, ಅಂದರೆ ಇಡೀ ಮನೆಯ ಕರೆಂಟು ನಿಲ್ಲಿಸುವ ಸ್ವಿಚ್ಚು, ಅತ್ತೆಯ ವಶ. ದಿನಾ ಮಲಗುವಾಗ ಅದನ್ನು ಎಳೆಯುವವರು ಅವರೇ, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ.

ಫ್ಯೂಜು ಕಿತ್ತದ್ದಾಯಿತು, ಬಲ್ಬಿಗೆ ಹೋಗುವ ತಂತಿ ಬಿಚ್ಚಿದ್ದಾಯಿತು. ಮೊಳೆ ಕೀಳುವಾಗ ಗೆದ್ದಲು ತಿಂದ ಹಲಗೆ ಅರ್ಧ ಕಳಚಿ ವೈರ್‌ಮನ್ನರ ಭುಜದ ಮೇಲೆ ಬಂತು. ಒಂದು ಕೈಯಿಂದ ಅದನ್ನು ಆನಿಕೊಂಡು ನಿಂತರು. ಇನ್ನು ಉಳಿದದ್ದು ಹೊರಗಿನಿಂದ ಬರುವ ಎರಡು ತಂತಿ. ಅವನ್ನು ಬರಿಗೈಯಲ್ಲೇ ಬಿಡಿಸಬೇಕು.

"ಮಾಂಜೀ, ಖಟಕಾ ಎಳೀರಿ" ಎಂದರು. ಹೊರಗೆ ಟಕ್ ಎಂದಿತು.

"ಕರೆಂಟ್ ಬಂದ್ ಅದ ಏನ್ರಿ?"

"ಇಲ್ಲಪಾ, ಬಂದಿಲ್ಲ" ಎಂದರು ಅತ್ತೆ ಹೊರಗಿನಿಂದ.

"ಬಂದ್ ಇಲ್ಲಂದ್ರ ಮತ್ತೊಮ್ಮೆ ಎಳೀರಿ."

ಮತ್ತೆ ಟಕ್. "ಈಗ?"

"ಈಗ ಬಂದದ ನೋಡಪಾ."

ವೈರ್‌ಮನ್ ಕೈ ಚಾಚಿದರು. ಅವರ ಪಾಯಿಜಾಮದ ಅಂಚು ಹಿಡಿದು ಜಗ್ಗಿ, "ತಡೀರಿ, ಯಾವ ಬಂದದ?" ಎಂದೆ. ಅವರು ಕೇಳುತ್ತಿದ್ದುದು ಬಂದ್ ಆಗಿದೆಯೇ ಎಂದು. ಅತ್ತೆ ಹೇಳುತ್ತಿದ್ದುದು ಕರೆಂಟು ಬಂದಿದೆ ಎಂದು. ನಮ್ಮ ಸೀಮೆಯ ಬಾಯಲ್ಲಿ ಎರಡೂ ಒಂದೇ ಸದ್ದು. ವೈರ್‌ಮನ್ನರಿಗೆ ಅದು ಹೊಳೆದಾಗ ಚಾಚಿದ ಕೈಯನ್ನು ಎದೆಗೆ ಅವುಚಿಕೊಂಡರು.

"ಮಾಂಜೀ, ಬಂದದ ಗಿಂದದ ಬ್ಯಾಡ. ಖಟಕಾ ಎಳದು ಬ್ಯಾರೆ ಮಾತಿನಾಗ ಹೇಳ್ರಿ."

ಟಕ್ ಎಂದಿತು. "ದೊಡ್ಡದು ಮಾಡೀನಿ" ಎಂದರು ಅತ್ತೆ.

"ದೊಡ್ಡದು? ಇನ್ನೂ ದೊಡ್ಡದು ಯಾಕ ಮಾಡೀರಿ?"

"ದೊಡ್ಡದು ಅಂದ್ರ ಸಣ್ಣದ್ರಿ" ಎಂದು ನಾನು ಬಾಯಿ ಹಾಕಿದೆ. ಅದರಿಂದ ಯಾರಿಗೂ ಉಪಕಾರವಾಗಲಿಲ್ಲ. ಹಿಡಿಕೆ ಮೇಲಿದೆಯೋ ಕೆಳಗಿದೆಯೋ ಎಂದು ಅವರು ಕೇಳಿದರು. ಕೆಳಗೆ ಎಂದರು ಅತ್ತೆ. ಆದರೆ ಆ ಖಟಕಾವನ್ನು ಸೀದಾ ಕೂಡಿಸಿದ್ದಾರೋ ಉಲ್ಟಾ ಕೂಡಿಸಿದ್ದಾರೋ ವೈರ್‌ಮನ್ ನೋಡಿರಲಿಲ್ಲ. ಅತ್ತೆ "ಮುಟ್ಟಪಾ, ಏನೂ ಆಗಲ್ಲ" ಎಂದರು. "ಮುಟ್ಟು ಅಂತೀರಿ, ದೊಡ್ಡದು ಮಾಡೀನಿ ಅಂತೀರಿ. ನಾ ಯಾವುದು ನಂಬಲಿ?" ಎಂದರು ಅವರು. ನನ್ನ ತಲೆಯಂತೂ ಕಲಸಿದ ಹಿಟ್ಟಾಗಿತ್ತು. ಮೂರು ಸಲ ಟಕ್ ಎಂದದ್ದು ನಿಜವೋ ನಾಲ್ಕು ಸಲವೋ ಎಂದು ನನಗೇ ಅನುಮಾನ.

ವೈರ್‌ಮನ್ನರ ಭುಜದಿಂದ ಹಲಗೆ ಬೆರಳಷ್ಟು ಕೆಳಗೆ ಜಾರಿತು. "ಕೈ ಸೋತದ್ರಿ, ಹಲಗಿ ಜಾರಾಕತ್ತದ. ತಂತಿ ಮೈಮ್ಯಾಲ ಬಿದ್ರ ನಾ ಹೋದೆ. ಮನ್ಯಾಗ ಸಣ್ಣ ಸಣ್ಣ ಮಕ್ಕಳವ" ಎಂದರು. ಒಂದೇ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅದು ನನಗೂ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಗಂಡನ ಮುಖ ಕಣ್ಣಮುಂದೆ ಬಂದಿತ್ತು.

ಅತ್ತೆ ಒಳಗೆ ಬಂದು ಹೊಸ್ತಿಲ ಮೇಲೆ ನಿಂತರು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮೆಲ್ಲಗೆ, ಆದರೆ ಒಂದೊಂದೇ ಅಕ್ಷರ ಕೇಳುವಂತೆ ಹೇಳಿದರು:

"ಆರಸೀನಿ. ನನ್ನ ಕೈಲೇ ಆರಸೀನಿ. ನೀ ಮುಟ್ಟು."

ವೈರ್‌ಮನ್ ತಂತಿ ಮುಟ್ಟಿದರು. ಏನೂ ಆಗಲಿಲ್ಲ.

ಹಳೆಯದು ಇಳಿಯಿತು, ಹೊಸ ಹಲಗೆ ಏರಿತು. ಕೆಲಸ ಮುಗಿದ ಮೇಲೆ ಅವರು ನೆಲದ ಮೇಲೆ ಕುಳಿತು ನೀರು ಕುಡಿದರು. ಆಗ ಗೋಡೆಗೆ ಒರಗಿದ್ದ ಅತ್ತೆಯನ್ನು ನೋಡಿ ನಗತೊಡಗಿದರು.

"ಈಗ ತಿಳೀತು ನೋಡ್ರಿ. ನಮ್ಮ ಅಮ್ಮೀನೂ ಚಿರಾಗ್ ಬುಝಾವ್, ದೀಪ ಆರಸು ಅಂದ್ರ ಬಾಯಿಗಿ ಹೊಡೀತಿದ್ಲು. ಚಿರಾಗ್ ಬಢಾವ್ ಅನ್ನು ಅಂತಿದ್ಲು. ಬಢಾವ್ ಅಂದ್ರ ನಿಮ್ಮ ದೊಡ್ಡದು ಮಾಡೂದೇ ಅಲ್ರೀ. ಬಿಜಲೀಗೂ ಹಂಗ ಅಂತೀರಂತ ನನಗ ಹೊಳೀಲೇ ಇಲ್ಲ."

ಅತ್ತೆ ನಗಲಿಲ್ಲ. "ಜರಾ ಮೊದಲ ಹೊಳೀಬೇಕಿತ್ತಪಾ" ಎಂದರು. ಅತ್ತೆ ಏಕೆ ನಗಲಿಲ್ಲವೆಂದು ವೈರ್‌ಮನ್ನರಿಗೆ ಗೊಂದಲವಾಗಿರಬೇಕು. ಸಾಮಾನು ಕಟ್ಟಿಕೊಂಡು ವಾಡಿಯ ದಾರಿ ಹಿಡಿದರು.

ಅವರು ಹೋದ ಮೇಲೆ ಅತ್ತೆ ಊಟಕ್ಕೆ ಏಳಲಿಲ್ಲ. ಬಾಗಿಲ ಕಟ್ಟೆಯ ಮೇಲೆ ಕಾರ್ಖಾನೆಯ ಕಡೆ ಮುಖ ಮಾಡಿ ಕುಳಿತರು. ಮೊದಲು ನನಗೆ ಸಿಟ್ಟೇ ಬಂತು. ಯಾರದೋ ಮನೆಯ ಮಕ್ಕಳ ತಂದೆಯನ್ನು ಉಳಿಸಲು ಇವರು ಪಣಕ್ಕಿಟ್ಟದ್ದು ನನ್ನ ಗಂಡನನ್ನು ತಾನೇ? ಆಮೇಲೆ, ಇಟ್ಟದ್ದು ಅವರ ಮಗನನ್ನು ಅಲ್ಲವೇ, ನಾನು ಸಿಟ್ಟಾಗಲು ಯಾರು ಎನ್ನಿಸಿತು. ಒಂದು ಮಾತಿನಿಂದ ಯಾರಿಗೇನಾಗುತ್ತದೆ ಎಂದೂ ಅನ್ನಿಸಿತು. ಅನ್ನಿಸಿದರೂ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಹೋಗಿ ಅವರ ಪಕ್ಕದಲ್ಲೇ ಕುಳಿತೆ.

ಸಂಜೆಗೆ ಹಗಲು ಪಾಳಿ ಬಿಟ್ಟಿತೆಂದು ಕಾರ್ಖಾನೆಯ ಭೋಂಗಾ ಕೂಗಿತು. ಮೈಯೆಲ್ಲ ಸಿಮೆಂಟಿನ ಧೂಳಾದ ಗಂಡಸರು ಗುಂಪಾಗಿ ಬರತೊಡಗಿದರು. ಎಲ್ಲರೂ ಒಂದೇ ಬಣ್ಣ, ಯಾರು ಯಾರೆಂದು ನನಗೆ ಗುರುತು ಹತ್ತುತ್ತಿರಲಿಲ್ಲ. ಅತ್ತೆಗೆ ಹತ್ತಿತು. ನನ್ನ ಮಣಿಕಟ್ಟನ್ನು ಅವರು ಅಷ್ಟು ಹೊತ್ತು ಹಿಡಿದಿದ್ದರೆಂಬುದು ಬಿಟ್ಟಾಗಲೇ ನನಗೆ ತಿಳಿದದ್ದು.

"ಏಳವಾ, ಚಾ ಇಡು" ಎಂದರು.